ಗೂಟದ ಕಂಬಳಿ

ಹಿರಿಯೂರು
16-1-1974

ಅಕ್ಕ ಸಿದ್ದಕ್ಕನಿಗೆ ತಮ್ಮ ಚಿತ್ರಲಿಂಗಪ್ಪನ ನಮಸ್ಕಾರ.

ನಾನು ಹಿರಿಯೂರಿನ ಬಾಡಿಗೆ ಕೋಣೆಯಲ್ಲಿ, ಅವ್ವ ಹರಿಯಬ್ಬೆಯ ಮನೆಯಲ್ಲಿ, ಹೊತ್ತು ಹೊತ್ತಿಗೆ ಉಂಡು ಚೆನ್ನಾಗಿದ್ದೇವೆ. ರಾಮಗಿರಿಯಲ್ಲಿ ನೀನು, ಭಾವ, ಮಕ್ಕಳು ಹಾಗೆಯೇ ಇರಬೇಕು. ಹೊಟ್ಟೆಯಲ್ಲಿರುವುದಕ್ಕೂ ಸೋದರಮಾವ ಕೇಳಿದನೆಂದು ಹೇಳು.

ಚಿತ್ರದುರ್ಗದ ಸಂಬಂಧ ಮುಕ್ಕಾಲು ಕೂಡಿದೆ. ಪರಮೇಶ್ವರಪ್ಪನವರು ತಾಲ್ಲೂಕು ಕಚೇರಿಯ ಗುಮಾಸ್ತರು, ನಮ್ಮ ಪೈಕಿಯವರೇ. ಹುಡುಗಿ ಏಕನಾಥಮ್ಮ ಎಸ್ಸೆಸ್ಸೆಲ್ಸಿ ಪಾಸು. ಯುಗಾದಿ ಕಳೆದ ಭಾನುವಾರ ಮನೆ ನೋಡಲು ಬರುತ್ತಾರೆ. ಮನೆ ಒಪ್ಪಿಗೆಯಾದರೆ ಅಲ್ಲೇ ವೀಳ್ಯ. ಹುಡುಗಿಯೂ ಬರುತ್ತಾಳಂತೆ, ಹಠ ಮಾಡಿದ್ದಾಳಂತೆ. ನನಗೆ ಈಗಿನಿಂದಲೇ ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಆದ್ದರಿಂದ ಮನೆಗೆ ಕೈ ಹಾಕುತ್ತಿದ್ದೇನೆ. ದುರ್ಗದಲ್ಲಿ ಒಬ್ಬ ಇಂಜಿನಿಯರರ ಮನೆ ನೋಡಿದೆ ಅಕ್ಕ. ಸಿಮೆಂಟು ನೆಲ, ಗಾಜಿನ ಕಿಟಕಿ, ಆದರೆ ಗೋಡೆಯ ಮೇಲೆ ಎತ್ತಿನ ಕೊರಳ ಗೆಜ್ಜೆ, ಮೂಲೆಯಲ್ಲಿ ಮಡಕೆ! ಬಂದವರೆಲ್ಲ ಕಣ್ಣರಳಿಸಿ ನೋಡುತ್ತಾರೆ. ಅಂಥ ಸಾಮಾನು ನಮ್ಮ ಮನೆಯಲ್ಲಿ ರಾಶಿ ಬಿದ್ದಿದೆ, ನಾವು ಅದನ್ನು ಬಡತನ ಎಂದುಕೊಂಡಿದ್ದೆವು. ನಡುಮನೆಯ ಸಗಣಿ ನೆಲ ತೆಗೆದು ಕೆಂಪು ಸಿಮೆಂಟು ಹಾಕಿಸುತ್ತೇನೆ. ಅಡಿಗೆಮನೆ ಬಾಗಿಲಿಗೆ ಐದು ಹೆಜ್ಜೆ ಈಚೆ, ಅದೇ ಗೋಡೆಯಲ್ಲಿ, ಗಾಳಿ ಬೆಳಕಿಗೆಂದು ಹಿತ್ತಲಿಗೆ ಹೊಸ ಬಾಗಿಲು, ಇಳಿಯಲು ಮೂರು ಮೆಟ್ಟಿಲು. ನೆಲದಲ್ಲಿ ಹೂತಿರುವ ಒರಳನ್ನು ಕಿತ್ತು ಜಗಲಿಯ ಮೇಲಿಟ್ಟು ಕ್ರೋಟನ್ ಗಿಡ ನೆಡುತ್ತೇನೆ. ಅಪ್ಪ ನೇಯ್ದ ಕರಿ ಕಂಬಳಿಗಳು ಗೋಡೆಗೆ. ಉಣ್ಣೆ ಕತ್ತರಿಸುವ ಕತ್ತರಿ, ನೂಲುವ ಕದಿರು ಒಂದು ಹಲಗೆಗೆ.

ಅವ್ವನಿಗೆ ನಕ್ಷೆ ತೋರಿಸಿದೆ. ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ಬಣ್ಣ ಭಾಳ ಚೆಂದ ಹಾಕೀಯಪ್ಪ" ಅಂದಳು. ಪೆನ್ಸಿಲಿನಲ್ಲಿ ಬರೆದದ್ದು ಅಕ್ಕ, ಬಣ್ಣವೇ ಹಾಕಿರಲಿಲ್ಲ. ಡ್ರಾಯಿಂಗ್ ಮಾಸ್ತರನನ್ನೂ ಗೇಲಿ ಮಾಡುತ್ತಾಳೆ.

ಹೆಣ್ಣು ನೋಡಲು ಹೋಗುವ ದಿನ ಮೀಸೆ ತೆಗೆಸಿಬಿಟ್ಟೆ. ಸ್ಕೂಲಿನಲ್ಲಿ ಎಲ್ಲರೂ ನಕ್ಕರು, ಮಾರಣ್ಣ ಚಿಕ್ಕಪ್ಪ ಮುಖ ತಿರುಗಿಸಿಕೊಂಡು ಹೋದ. ಅವ್ವ ಮಾತ್ರ ಒಂದು ಮಾತೂ ಅನ್ನಲಿಲ್ಲ. ಒಪ್ಪಿಗೆಯಾಗಿರಬೇಕು.

ನಿನ್ನ ತಮ್ಮ
ಚಿತ್ರಲಿಂಗಪ್ಪ


ರಾಮಗಿರಿ
21-1-1974

ತಮ್ಮ ಚಿತ್ರನಿಗೆ ಸಿದ್ದಕ್ಕ ಮಾಡುವ ಆಶೀರ್ವಾದ.

ಹೆಣ್ಣು ಮನೆಗೆ ಬರುವ ಮೊದಲೇ ಮೀಸೆ ಮನೆ ಬಿಟ್ಟಿತಲ್ಲೋ! ನಿನ್ನ ಭಾವನವರು ಕಾಗದ ಓದಿ ನಕ್ಕು ನಕ್ಕು ಸಿಗ್ನಲ್ ದೀಪಕ್ಕೆ ಎಣ್ಣೆ ಹಾಕುವುದನ್ನೇ ಮರೆತಿದ್ದರು. ಹುಡುಗಿ ಓದಿದವಳು ಎಂದು ಕೇಳಿ ಸಂತೋಷವಾಯಿತು. ನಾನು ಏಳನೇ ಕ್ಲಾಸು, ಅವಳ ಮುಂದೆ ಹೇಗೆ ಮಾತಾಡಲಿ ಎಂದು ಈಗಲೇ ಯೋಚನೆ.

ಮನೆಯ ಮಾತಿಗೆ ಬರುತ್ತೇನೆ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ, ಹಾಗಾಗಿದೆ ನಿನ್ನ ಉತ್ಸಾಹ. ಒರಳಿನಲ್ಲಿ ಗಿಡ ನೆಟ್ಟರೆ ಚಟ್ನಿ ಎಲ್ಲಿ ರುಬ್ಬುತ್ತಾಳೆ ನಿನ್ನ ಎಸ್ಸೆಸ್ಸೆಲ್ಸಿ? ಕುರಿ ಕತ್ತರಿಸುವ ಕತ್ತರಿ ಗೋಡೆಗೆ ಹೊಡೆದರೆ ಚಿಕ್ಕಪ್ಪ ಹಲ್ಲಿನಲ್ಲಿ ಉಣ್ಣೆ ಕೀಳಬೇಕೇನು?

ತಮಾಷೆ ಸಾಕು. ನನ್ನ ಎರಡು ಮಾತು ನಡೆಸಿಕೊಡು. ಒರಳು ಇದ್ದ ಜಾಗದಲ್ಲೇ ಇರಲಿ, ಸುತ್ತ ಎಷ್ಟು ಬೇಕಾದರೂ ಸಿಮೆಂಟು ಬಳಿ. ಅಡಿಗೆಮನೆ ಬಾಗಿಲ ಪಕ್ಕದ ಗೂಟದಲ್ಲಿ ಅಪ್ಪನ ಕೊನೆಯ ಕಂಬಳಿ ತೂಗುತ್ತಿದೆಯಲ್ಲ, ಅದನ್ನು ಮುಟ್ಟಬೇಡ. ಮಿಕ್ಕವನ್ನು ಗೋಡೆಗಾದರೂ ಹಾಕು, ಮಾಡಿಗಾದರೂ ಹಾಕು. ಕಾರಣ ಕೇಳಬೇಡ.

ನಿನ್ನ ಅಕ್ಕ
ಸಿದ್ದಕ್ಕ


ರಾಮಗಿರಿ
22-1-1974

ಚಿತ್ರ,

ಈ ಕಾಗದ ಅಂಚೆಗೆ ಹಾಕುವುದಿಲ್ಲ. ನಿನ್ನೆಯ ಕಾಗದ ಹೋದ ಮೇಲೆ ಊಟ ಸೇರಲಿಲ್ಲ. ಬರೆದು ಪೆಟ್ಟಿಗೆಯಲ್ಲಿ ಸೀರೆಯ ಅಡಿ ಇಟ್ಟರೆ ಎದೆ ಹಗುರಾದೀತೆಂದು ಬರೆಯುತ್ತಿದ್ದೇನೆ.

ಅವ್ವನಿಗೆ ಕಣ್ಣಿಲ್ಲ.

ಕಾರ್ತಿಕದಲ್ಲಿ ಅವ್ವ ಇಲ್ಲಿಗೆ ಬಂದಿದ್ದಾಗ ಹೊಳಲ್ಕೆರೆಯಲ್ಲಿ ಕಣ್ಣಿನ ಕ್ಯಾಂಪು ಇತ್ತು. ಪೊರೆ ಬಂದಿರಬೇಕು, ತೆಗೆಸೋಣ ಎಂದು ಕರೆದುಕೊಂಡು ಹೋದೆ. ಡಾಕ್ಟರು ದೀಪ ಬಿಟ್ಟು ನೋಡಿ, ಪೊರೆಯಲ್ಲಮ್ಮ, ನರ ಒಣಗಿದೆ, ಆಪರೇಷನ್ನಿಗೆ ಬರುವುದಿಲ್ಲ ಅಂದರು. ಆಗ ಬೆಳಕು ಸ್ವಲ್ಪ ತಿಳಿಯುತ್ತಿತ್ತು. ಈಗ ಕೋಳಿ ಕೂಗಿದರೆ ಬೆಳಗು, ಅಷ್ಟೇ.

ವಾಪಸು ಬರುವಾಗ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ನನ್ನ ಕೈ ಹಿಡಿದಳು. "ಕುರುಡಿ ಅತ್ತೆ ಇರೋ ಮನೀಗೆ ಯಾರವ್ವ ಹೆಣ್ಣು ಕೊಡ್ತಾರೆ? ಸೊಸೆ ಆಗಿ ಬರೋಳು ನನ್ನ ಕೈ ಹಿಡ್ದು ಹಿತ್ಲಿಗೆ ಕರ್ಕಂಡು ಹೋಗಕ್ಕೆ ಬರ್ತಾಳಾ? ಅವ್ನು ತಾಳಿ ಕಟ್ಟೋಗಂಟ ನೀನು ಬಾಯಿ ಬಿಡಂಗಿಲ್ಲ. ಬರಗೇರಮ್ಮನ ಆಣೆ" ಅಂದಳು. ಆಗ ನನಗೆ ಎರಡು ತಿಂಗಳು. ಬಸುರಿಗೆ ದೇವರ ಆಣೆ ಹಾಕಿಸಿದರೆ ಅದು ಎಲ್ಲಿಗೆ ಮುಟ್ಟುತ್ತದೆ ಎಂದು ಅವಳು ಯೋಚಿಸಲಿಲ್ಲ. ನಾನು ಅದೊಂದನ್ನೇ ಯೋಚಿಸುತ್ತಿದ್ದೇನೆ.

ಅವಳು ಮನೆಯಲ್ಲಿ ಹೇಗೆ ಓಡಾಡುತ್ತಾಳೆ ಎಂದು ಹೇಳಿದಳು. ಮಂಚದಿಂದ ಎದ್ದರೆ ಕಾಲಿಗೆ ಒರಳಿನ ಅಂಚು ಸಿಗಬೇಕು. ಅಲ್ಲಿಂದ ಗೋಡೆ ಸವರುತ್ತ ನಡೆದರೆ ಕೈಗೆ ಕಂಬಳಿ ಸಿಗುತ್ತದೆ. ಕಂಬಳಿ ಸಿಕ್ಕಿತೋ, ಅದೇ ಅಡಿಗೆಮನೆ ಬಾಗಿಲು. "ನಿಮ್ಮಪ್ಪ ಬಾಗ್ಲಾಗೆ ನಿಂತಂಗೇ ಇರ್ತದೆ ಕಣೆ" ಎಂದು ನಕ್ಕಳು. ಆ ನಗು ನೋಡಿ ನನಗೆ ಅಳು ಬಂತು.

ನೀನು ಕೀಳುವುದು ಒರಳನ್ನಲ್ಲ, ಅವಳ ಕಣ್ಣನ್ನು. ಇದನ್ನು ನಿನಗೆ ಹೇಳಲಾರೆ. ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಸಿದ್ದಕ್ಕ


ಹಿರಿಯೂರು
11-2-1974

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಬರುವ ಹೊತ್ತಿಗೆ ಕೆಲಸ ಶುರುವಾಗಿತ್ತು. ಗಾರೆ ಕೆಲಸದ ಜಂಪಣ್ಣ ಹಾರೆ ಹಾಕಿ ಒರಳು ಎಬ್ಬಿಸಿಯೇಬಿಟ್ಟ. ಮೊಣಕಾಲುದ್ದ ಕಲ್ಲು, ಐದು ಜನ ಹಿಡಿದರೂ ಅಲುಗದು. ಅವ್ವನನ್ನು ಚಿಕ್ಕಪ್ಪನ ಮನೆಗೆ ಕಳಿಸಿದ್ದೇನೆ. ಹೊರಡುವಾಗ ಬಗ್ಗಿ ಆ ಕುಳಿಯಲ್ಲಿ ಕೈಯಾಡಿಸಿ, "ಹಳೇ ಮನೆ ಹಲ್ಲು ಕಿತ್ತಂಗಾತು" ಅಂದಳು. ಹಳಬರಿಗೆ ಎಲ್ಲದರಲ್ಲೂ ಸಂಕಟ.

ಕಂಬಳಿಯ ವಿಚಾರ. ಕಾರಣ ಕೇಳಬೇಡ ಎಂದಿದ್ದೀಯ, ಕೇಳುವುದಿಲ್ಲ, ನನಗೇ ತಿಳಿಯುತ್ತದೆ. ಅಪ್ಪ ಸಾಯುವ ವರ್ಷ ನೇಯ್ದ ಕಂಬಳಿ ಅದು, ಹತ್ತೂರಲ್ಲಿ ಅಂಥ ಅಂಚಿಲ್ಲ. ನಿನಗೆ ಬೇಕಾದರೆ ಬಾಯಿ ಬಿಟ್ಟು ಕೇಳಬಹುದಿತ್ತು. ತಮ್ಮನಿಗೆ ಹೆಂಡತಿ ಬರುವ ಮೊದಲು ಯಾವುದು ಯಾರಿಗೆ ಎಂದು ಗೆರೆ ಎಳೆಯುವುದು ಬೇರೆಯವರ ಮನೆಯಲ್ಲಿ ನಡೆಯುತ್ತದೆ, ನಮ್ಮಲ್ಲಿ ನಡೆಯುವುದಿಲ್ಲ ಎಂದುಕೊಂಡಿದ್ದೆ.

ಸಿಟ್ಟಾಗಬೇಡ. ಮನಸ್ಸಿನಲ್ಲಿಟ್ಟುಕೊಳ್ಳುವುದಕ್ಕಿಂತ ಹೇಳಿಬಿಡುವುದು ಒಳ್ಳೆಯದು.

ಚಿತ್ರಲಿಂಗಪ್ಪ


ರಾಮಗಿರಿ
18-2-1974

ಚಿತ್ರಲಿಂಗಪ್ಪನಿಗೆ,

ಕಂಬಳಿ ನನಗೆ ಬೇಡ. ನನ್ನ ಮನೆಯಲ್ಲಿ ರೈಲ್ವೆಯವರು ಕೊಟ್ಟ ರಗ್ಗು ಇದೆ, ಚಳಿಗೆ ಸಾಕು. ಅದು ಅವ್ವನ ಕೈಗೆ ಸಿಗುವ ಹಾಗೆ ಇದ್ದ ಕಡೆ ಇರಲಿ ಎಂದಷ್ಟೇ ಕೇಳಿದೆ. ಅದಕ್ಕೆ ನೀನು ಏನೆಲ್ಲ ಬಣ್ಣ ಹಚ್ಚಿದೆ. ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳಿಗೆ ಗೆರೆಯ ಮಾತು ಬರೆಯಲು ನಿನಗೆ ಕೈ ಹೇಗೆ ಬಂತು?

ಒಂದು ಮಾತು ಹೇಳಿ ಮುಗಿಸುತ್ತೇನೆ. ನೀನು ಚಿತ್ರ ಬರೆಯುವವನು, ನೋಡುವುದೇ ನಿನ್ನ ಕೆಲಸ. ಒಂದು ಭಾನುವಾರ ಸುಮ್ಮನೆ ಕೂತು ಅವ್ವನನ್ನು ನೋಡು. ಇದಕ್ಕಿಂತ ಹೆಚ್ಚು ಬರೆಯಲಾರೆ.

ಸಿದ್ದಕ್ಕ


ಹಿರಿಯೂರು
19-3-1974

ಅಕ್ಕ,

ಒಂದು ತಿಂಗಳು ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ. ತಪ್ಪಾಯಿತು. ಕಂಬಳಿ ಗೂಟದಲ್ಲೇ ಇದೆ, ಸಮಾಧಾನವಾಯಿತೇ?

ನೆಲ ಮುಗಿಯಿತು. ತೆಂಗಿನೆಣ್ಣೆ ಹಚ್ಚಿ ಉಜ್ಜಿಸಿದ್ದೇನೆ, ಬಗ್ಗಿದರೆ ಮುಖ ಕಾಣುತ್ತದೆ. ಹೊಸ ಬಾಗಿಲಿಗೆ ಹಸಿರು ಬಣ್ಣ, ಆರಲೆಂದು ಮುಚ್ಚಿಟ್ಟಿದ್ದೇನೆ, ಅವರು ಬಂದ ದಿನವೇ ತೆರೆಯುವುದು.

ಅವ್ವ ಮನೆಗೆ ಬಂದಿದ್ದಾಳೆ, ಆದರೆ ಮುನಿಸು. ಮಂಚ ಬಿಟ್ಟು ಏಳುವುದಿಲ್ಲ. ಎದ್ದರೂ ಕಳ್ಳರ ಹಾಗೆ ಗೋಡೆಗಂಟಿ ಹೋಗಿ ಗೋಡೆಗಂಟಿ ಬರುತ್ತಾಳೆ. ಇಷ್ಟು ಮಾಡಿಸಿದ ನೆಲದ ನಡುವೆ ಒಂದು ಸಲ ಕಾಲಿಡಲಿಲ್ಲ. ಕೇಳಿದರೆ, "ನಿನ್ನ ನೆಲ ಮಾಸ್ತೈತೆ ಕಣಪ್ಪ, ಬೀಗ್ರು ಬರೋಗಂಟ ಹಂಗೇ ಇರ್ಲಿ" ಅನ್ನುತ್ತಾಳೆ. ನನಗೆ ರೇಗುತ್ತದೆ. ಆಮೇಲೆ ರೇಗಿದ್ದಕ್ಕೆ ಬೇಸರವಾಗುತ್ತದೆ. ಮಲಗಿದರೂ ಮನೆಯ ಮೂಲೆ ಮೂಲೆ ತಲೆಯಲ್ಲಿ ಸುತ್ತುತ್ತದೆ.

ನೀನು ಹೇಳಿದ ಹಾಗೆ ಹೋದ ಭಾನುವಾರ ಕೂತು ಅವಳನ್ನು ನೋಡಿದೆ. ನೋಡಿ ಅವಳ ಚಿತ್ರವನ್ನೇ ಬರೆದೆ! ಎರಡು ಗಂಟೆ ಕದಲದೆ ಕೂತಿದ್ದಳು. ಮುಖವೆಲ್ಲಕ್ಕಿಂತ ಕಣ್ಣು ಚೆನ್ನಾಗಿ ಬಂದಿದೆ, ನನ್ನನ್ನು ದಾಟಿ ಎಲ್ಲೋ ದೂರ ನೋಡುವ ಹಾಗೆ. ಅದನ್ನು ಚೌಕಟ್ಟು ಹಾಕಿಸಿ ಬಾಗಿಲಿಗೆ ಎದುರಾಗಿ ತೂಗುಹಾಕುತ್ತೇನೆ.

ಚಿತ್ರಲಿಂಗಪ್ಪ


ರಾಮಗಿರಿ
24-3-1974

ಚಿತ್ರನಿಗೆ,

ಕಾರ್ಡಿನಲ್ಲೇ ಬರೆಯುತ್ತಿದ್ದೇನೆ, ಬೇಗ ಮುಟ್ಟಲಿ. ಕಂಬಳಿ ಗೂಟದಲ್ಲಿದೆ ಎಂದು ಓದಿದ ಮೇಲೆ ಊಟ ಸೇರಿತು. ಆ ದಿನ ಪಾನಕ, ಎಲೆ ಅಡಿಕೆ ಚಿಕ್ಕಮ್ಮನ ಕೈಯಲ್ಲಿ ಕೊಡಿಸು, ಅವ್ವ ಕೂತಿರಲಿ, ದೊಡ್ಡವಳು ಕೂತೇ ಇರಬೇಕು. ನಾನು ಬರುವ ಹಾಗಿಲ್ಲ, ಏಳು ತುಂಬಿದೆ, ಕಾಲು ಬಾತಿವೆ. ದಯವಿಟ್ಟು ಕೂರಿಸು.

ಸಿದ್ದಕ್ಕ


ಹಿರಿಯೂರು
2-4-1974

ಅಕ್ಕ,

ಆಸ್ಪತ್ರೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ಮೊದಲೇ ಹೇಳುತ್ತೇನೆ, ಹೆದರಬೇಡ, ಅವ್ವನ ಜೀವಕ್ಕೆ ಏನಿಲ್ಲ. ಬಲಗೈ ಮುರಿದಿದೆ, ಹಣೆಗೆ ನಾಲ್ಕು ಹೊಲಿಗೆ.

ಭಾನುವಾರ ಅವರು ಹನ್ನೊಂದಕ್ಕೆ ಬಂದರು. ಪರಮೇಶ್ವರಪ್ಪನವರು ನೆಲ ನೋಡಿ ಚಪ್ಪಲಿ ಬೀದಿಯಲ್ಲೇ ಬಿಟ್ಟರು. ಕತ್ತರಿ, ಕದಿರು, ಕಂಬಳಿ ಎಲ್ಲವನ್ನೂ ಕೈಕಟ್ಟಿ ನಿಂತು ನೋಡಿ, "ನಮ್ಮ ಕುಲದ ಕಸುಬು ಇಷ್ಟು ಚೆಂದ ಐತೆ ಅಂತ ನನಗೇ ಗೊತ್ತಿರ್ಲಿಲ್ಲ ಕಣ್ರಿ ಮಾಸ್ತರ್ರೇ" ಅಂದರು. ನನಗೆ ಭೂಮಿಯ ಮೇಲೆ ಕಾಲಿರಲಿಲ್ಲ.

ಅವ್ವನನ್ನು ಬೆಳಿಗ್ಗೆಯಿಂದ ಅಡಿಗೆಮನೆಯಲ್ಲೇ ಕೂರಿಸಿದ್ದೆ ಅಕ್ಕ, ನಿನ್ನ ಮಾತಿನಂತೆ. ಆದರೆ ಅವಳೇ ಎದ್ದಳು. "ನನ್ನ ಮನೀಗೆ ಬಂದೋರಿಗೆ ನಾನೇ ಪಾನಕ ಕೊಡ್ದಿದ್ರೆ ಹೆಂಗೆ" ಎಂದು ಅಡಿಗೆಮನೆಯಿಂದ ತಟ್ಟೆ ಹಿಡಿದು ಬಂದಳು. ಒಂದೊಂದೇ ಹೆಜ್ಜೆ. ಎಲ್ಲರೂ ಲೋಟ ತೆಗೆದುಕೊಂಡರು. ಖಾಲಿ ತಟ್ಟೆ ಹಿಡಿದು ಗೋಡೆ ಸವರುತ್ತ ವಾಪಸು ಹೊರಟಳು.

ಈಗ ಬರೆಯಲೇಬೇಕಾದ್ದು. ಅಂದು ಬೆಳಿಗ್ಗೆ ಹೊಸ ಬಾಗಿಲು ತೆರೆದಾಗ ಪಕ್ಕದ ಗೋಡೆ ಬೋಳಾಗಿ ಕಂಡಿತು. ಎಲ್ಲಕ್ಕಿಂತ ಒಳ್ಳೆಯ ಕಂಬಳಿ ಗೂಟದಲ್ಲಿತ್ತು. ಒಂದು ದಿನದ ಮಟ್ಟಿಗೆ ಎಂದುಕೊಂಡು ಅದನ್ನು ತಂದು ಹೊಸ ಬಾಗಿಲ ಪಕ್ಕ ಹಾಕಿದೆ.

ಅವ್ವನ ಕೈ ಕಂಬಳಿಗೆ ತಾಕಿತು. ಅದರ ಅಂಚನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿದಳು, ನಾನು ಕಣ್ಣಾರೆ ಕಂಡೆ. ಮುಖದಲ್ಲಿ ಎಂಥದೋ ನೆಮ್ಮದಿ ಬಂತು. ತಿರುಗಿ ಬಾಗಿಲಲ್ಲಿ ಕಾಲಿಟ್ಟಳು, ಸಮನೆಲದ ಮೇಲೆ ಇಡುವ ಹಾಗೆ. ಮೂರು ಮೆಟ್ಟಿಲು, ಕೆಳಗೆ ಬಂಡೆ.

ನಾನು ನಿಂತಲ್ಲೇ ನಿಂತೆ. ಮೊದಲು ಓಡಿದವಳು ಆ ಹುಡುಗಿ. ಅವ್ವನ ತಲೆ ತೊಡೆಯ ಮೇಲಿಟ್ಟುಕೊಂಡು, ಸೆರಗು ಹಣೆಗೆ ಒತ್ತಿ ಹಿಡಿದು ನನ್ನನ್ನು ಕೇಳಿದಳು, "ನಿಮ್ಮ ಅವ್ವಾರಿಗೆ ಎಷ್ಟು ವರ್ಷ ಆತು ಕಣ್ಣು ಹೋಗಿ?"

ನಾನು ರೇಗಿದೆ. "ನಮ್ಮವ್ವಂಗೆ ಕಣ್ಣೈತೆ" ಅಂದೆ. ಪರಮೇಶ್ವರಪ್ಪನವರು ನನ್ನ ಮುಖ ನೋಡಿದ ರೀತಿ ಇನ್ನೂ ಚುಚ್ಚುತ್ತಿದೆ. ವೀಳ್ಯದ ತಟ್ಟೆ ಹಾಗೇ ಉಳಿಯಿತು, ಅವರು ಹೊರಟುಹೋದರು.

ಅವ್ವನನ್ನು ಕೇಳಿದರೆ "ಕಾಲು ಜಾರ್ತು, ನೆಲ ನುಣ್ಣಗಿತ್ತು" ಎಂದು ಒಂದೇ ಸಮನೆ ಹೇಳುತ್ತಾಳೆ. ಜಾರಲಿಲ್ಲ. ನಾನು ನೋಡಿದ್ದೇನೆ.

ಅಕ್ಕ, ಒಂದೇ ಮಾತು ಬರೆ. ಆ ಹುಡುಗಿ ಕೇಳಿದ್ದು ಹೌದೋ, ಅಲ್ಲವೋ?

ಚಿತ್ರ


ರಾಮಗಿರಿ
6-4-1974

ಚಿತ್ರ,

ಹೌದು.

ಇದರ ಜೊತೆ ಇನ್ನೊಂದು ಕಾಗದವಿದೆ. ಪೆಟ್ಟಿಗೆಯಲ್ಲಿ ಸೀರೆಯ ಅಡಿ ಇತ್ತು. ಮೊದಲು ತಾರೀಕು ನೋಡು, ಆಮೇಲೆ ಓದು. ಓದಿ ನನ್ನನ್ನು ಏನು ಬೇಕಾದರೂ ಅನ್ನು.

ಇದನ್ನು ಲಕೋಟೆಗೆ ಹಾಕುವಾಗ ಕೈ ಹೊಟ್ಟೆಯ ಮೇಲಿಟ್ಟುಕೊಂಡು, "ಅಮ್ಮಾ ಬರಗೇರಮ್ಮ, ಮಾತಿಗೆ ತಪ್ಪಿದವಳು ನಾನು, ಕೂಸಲ್ಲ" ಎಂದು ಹೇಳಿಕೊಂಡೆ. ದೇವಿಗೆ ಕೇಳಿಸಿತೋ ಇಲ್ಲವೋ. ಎರಡೂವರೆ ತಿಂಗಳ ಹಿಂದೆಯೇ ಹೀಗೆ ಹೇಳಿಕೊಂಡು ಕಳಿಸಿದ್ದರೆ ಅವ್ವನ ಕೈ ಉಳಿಯುತ್ತಿತ್ತು.

ಸಿದ್ದಕ್ಕ


ರಾಮಗಿರಿ
28-4-1974

ಚಿತ್ರ,

ಮೂರು ವಾರವಾಯಿತು. ಅಂಚೆಯವನು ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತೇನೆ, ಅವನು ದೂರದಿಂದಲೇ ಕೈಯಾಡಿಸಿ ಹೋಗುತ್ತಾನೆ. ಬೈದಾದರೂ ಬರೆ. ಅವ್ವನ ಕೈ ಕೂಡಿತೇ? ಅವಳು ಎಲ್ಲಿದ್ದಾಳೆ, ಯಾವ ಮನೆಯಲ್ಲಿ, ಯಾವ ಗೋಡೆ ಹಿಡಿದು ಓಡಾಡುತ್ತಿದ್ದಾಳೆ? ಅವಳ ಗುಟ್ಟು ನನ್ನಿಂದ ಹೊರಗೆ ಬಿತ್ತೆಂದು ಅವಳಿಗೆ ಗೊತ್ತೇ? ರೈಲ್ವೆಯವರು ಮುಷ್ಕರ ಹೂಡಿ ರೈಲು ನಿಲ್ಲಿಸುವ ಮಾತು ಇಲ್ಲೆಲ್ಲ ನಡೆದಿದೆ, ನಿಂತರೆ ಬಸ್ಸಿನಲ್ಲಾದರೂ ಕಾಗದ ಬಂದೀತು.

ನಿನ್ನ ಅಕ್ಕ


ಹರಿಯಬ್ಬೆ
26-5-1974

ಅಕ್ಕನಿಗೆ ಚಿತ್ರನ ನಮಸ್ಕಾರ.

ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಕ್ಷೇಮ ಎಂದು ಭಾವನ ಕಾರ್ಡು ಬಂತು. ಕೂಸು ದೀಪದ ಕಡೆ ಕಣ್ಣು ತಿರುಗಿಸುತ್ತದೆ ಎಂದು ಅದರಲ್ಲಿ ಯಾಕೆ ಬರೆಸಿದ್ದೀಯ ಎಂದು ನನಗೆ ಅರ್ಥವಾಯಿತು. ಬರಗೇರಮ್ಮನಿಗೆ ಕೇಳಿಸಿದೆ ಅಕ್ಕ. ಇನ್ನು ಮಲಗಿ ನಿದ್ದೆ ಮಾಡು.

ತಾರೀಕು ನೋಡಿದೆ. ಜನವರಿ ಇಪ್ಪತ್ತೆರಡು. ನಿನ್ನ ಮೇಲೆ ಎರಡು ದಿನ ಸಿಟ್ಟಿತ್ತು. ಆಮೇಲೆ ಆ ಚಿತ್ರ ತೆಗೆದು ನೋಡಿದೆ. ಎರಡು ಗಂಟೆ ಎದುರು ಕೂತು ಕುರುಡು ಕಣ್ಣನ್ನು ಗೆರೆ ಗೆರೆಯಾಗಿ ಬರೆದವನು ನಾನು. ಚೆನ್ನಾಗಿ ಬಂದಿದೆ ಎಂದು ಹಿಗ್ಗಿದವನೂ ನಾನು. ನಿನ್ನನ್ನು ಬೈಯಲು ಇನ್ನೇನು ಉಳಿಯಿತು? ಅದಕ್ಕೇ ಬರೆಯಲಿಲ್ಲ.

ಪರಮೇಶ್ವರಪ್ಪನವರ ಕಾಗದ ಬಂತು. ಕಣ್ಣಿಲ್ಲದ್ದು ತಪ್ಪಲ್ಲ, ಮುಚ್ಚಿಟ್ಟದ್ದು ಸರಿಯಲ್ಲ ಎಂದು ಬರೆದಿದ್ದರು. ನನಗೇ ಗೊತ್ತಿರಲಿಲ್ಲ ಎಂದು ಉತ್ತರ ಬರೆದೆ. ಯಾರು ನಂಬುತ್ತಾರೆ? ಆದರೆ ಅವರ ಕಾಗದದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬೇರೆ ಕೈಬರಹದ ಒಂದು ಸಾಲು ಇತ್ತು: 'ನೆಲದ ಮೇಲೆ ಅವರ ಕಾಲು ಏನನ್ನೋ ಹುಡುಕುತ್ತಿತ್ತು. ಅದು ಏನಾಗಿದ್ದರೂ ಇದ್ದಲ್ಲಿಗೆ ತಂದಿಡಿ.' ಚಿಕ್ಕಪ್ಪನಿಗೆ ಓದಿ ಹೇಳಿದೆ. "ಬರಾಕಿಲ್ದೋಳು ಮನೆ ಹೆಂಗಿರ್ಬೇಕು ಅಂತ ಯಾಕ್ಲೇ ಹೇಳ್ತಾಳೆ" ಅಂದ. ನೋಡೋಣ. ನಾನು ಕಾಯುತ್ತಿದ್ದೇನೆ.

ರಜ ಶುರುವಾದ ದಿನದಿಂದ ಇಲ್ಲೇ ಇದ್ದೇನೆ. ಕ್ರೋಟನ್ ಗಿಡ ಹಿತ್ತಲಿಗೆ ಹೋಯಿತು. ಜಂಪಣ್ಣ ತಲೆ ಚಚ್ಚಿಕೊಂಡು, ತಾನೇ ನಯ ಮಾಡಿದ ನೆಲ ಒಡೆದು ಒರಳನ್ನು ಮೊದಲಿನ ಕುಳಿಯಲ್ಲೇ ಕೂರಿಸಿದ. ಮಂಚದಿಂದ ಒರಳಿಗೆ, ಒರಳಿಂದ ಅಡಿಗೆಮನೆಗೆ, ಅಲ್ಲಿಂದ ಹಿತ್ತಲಿಗೆ ಒಂದು ಗೇಣಗಲ ನೆಲ ಕಿತ್ತು ಹೊಸದಾಗಿ ಸಿಮೆಂಟು ಹಾಕಿಸಿದೆ. ಅದು ಹಸಿಯಾಗಿರುವಾಗ ಅಪ್ಪನ ಮಗ್ಗದ ಉಣ್ಣೆ ಹಗ್ಗ ಉದ್ದಕ್ಕೂ ಒತ್ತಿ ಎತ್ತಿದೆ. ಹಗ್ಗದ ಹುರಿ ಹುರಿಯೂ ಅಚ್ಚಾಗಿದೆ. ಹೊಸ ಬಾಗಿಲಿಗೆ ಸೊಂಟದೆತ್ತರದ ಅಡ್ಡ ಕದ. ಕಂಬಳಿ ಗೂಟಕ್ಕೆ. ಮಿಕ್ಕ ಕಂಬಳಿಗಳು ಗೋಡೆಯಿಂದ ಇಳಿದು ಹಾಸಿಗೆಯ ಮೇಲೆ.

ಅವ್ವನಿಗೆ ಎಲ್ಲ ತಿಳಿದಿದೆ. ನಿನ್ನ ಮೇಲೆ ಕೋಪವಿಲ್ಲ, "ಹೆಣ್ಮಕ್ಕಳ ಹೊಟ್ಟ್ಯಾಗೆ ಕೂಸು ನಿಲ್ತೈತೆ, ಮಾತು ನಿಲ್ಲಲ್ಲ" ಅಂದಳು. ನೆಲ ಆರಿದ ದಿನ ಬರಿಗಾಲಲ್ಲಿ ನಿಲ್ಲಿಸಿದೆ. ಕಾಲು ಗೆರೆ ಹಿಡಿಯಿತು. ಒರಳು ಸಿಕ್ಕಿತು, ಕಂಬಳಿ ಸಿಕ್ಕಿತು. ಕೈ ಕಟ್ಟು ಹೊತ್ತುಕೊಂಡೇ ಮೂರು ಸಲ ಹೋಗಿ ಬಂದಳು. ಮೂರನೆಯ ಸಲ ನನ್ನನ್ನು ದಾರಿಗಡ್ಡ ಎಂದು ಮೊಣಕೈಯಲ್ಲಿ ತಳ್ಳಿದಳು.

ಸಂಜೆ ಕೇಳಿದೆ, "ಅವ್ವ, ನಾನು ನಿಂಗೆ ಕಡೇ ಸಲ ಚೆನ್ನಾಗಿ ಕಂಡಿದ್ದು ಯಾವಾಗ?"

"ನೀನು ಮೊದ್ಲ ಸಂಬ್ಳದಾಗೆ ಸೀರೆ ತಂದ್ಯಲ್ಲ, ಅವತ್ತು. ಮೀಸೆ ಕೊರ್ದಂಗಿತ್ತು, ಥೇಟ್ ನಿಮ್ಮಪ್ಪ. ಈಗ್ಲೂ ಹಂಗೇ ಐತಾ?"

"ಹೂಂ ಅವ್ವ, ಹಂಗೇ ಐತೆ" ಅಂದೆ.

ಅವಳು ನನ್ನ ಮುಖದತ್ತ ಎಡಗೈ ಚಾಚಿದಳು. ನಾನು ನೀರು ತರುವ ನೆಪ ಹೇಳಿ ಎದ್ದು ಹೋದೆ.

ಅಂದಿನಿಂದ ಮೀಸೆ ಬಿಟ್ಟಿದ್ದೇನೆ ಅಕ್ಕ. ಹತ್ತು ದಿನವಾಯಿತು, ಇನ್ನೂ ಚುಚ್ಚುತ್ತದೆ. ಬಾಣಂತನ ಮುಗಿಸಿ ನೀನು ಬರುವ ಹೊತ್ತಿಗೆ ಸರಿಯಾಗಿರುತ್ತದೆ. ಅಲ್ಲಿಯವರೆಗೆ ಅವ್ವನಿಗೆ ಹೇಳಬೇಡ. ಕೂಸಿನ ಮೇಲಲ್ಲ, ನನ್ನ ಮೇಲೆ ಆಣೆ.

ನಿನ್ನ ತಮ್ಮ
ಚಿತ್ರ